ಇಪ್ಪತ್ತೆರಡು ಲೋಡು ಗೋಡು

೧೯೯೨ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನಮ್ಮೂರು ಕೈಲಾಂಚದ ಕಡೆ ರಸ್ತೆ ಅಗಲ ಮಾಡಲು ಒಂದು ಜೆಸಿಬಿ ಬಂದಿತ್ತು. ಮೂರು ದಿನ ಸ್ಕೂಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಅದರ ಮುಂದೆ ನಿಂತಿದ್ದೆ. ನಾಲ್ಕನೇ ದಿನ ಆಪರೇಟರ್ ನನ್ನ ಕೈಗೆ ಗ್ರೀಸ್ ಗನ್ ಕೊಟ್ಟ. ಐದು ವರ್ಷ ಕ್ಲೀನರ್ ಆಗಿದ್ದೆ, ಹನ್ನೆರಡು ವರ್ಷ ಬೇರೆಯವರ ಮೆಷಿನ್ ಓಡಿಸಿದೆ, ೨೦೦೯ರಲ್ಲಿ ಸ್ವಂತ ಮೆಷಿನ್ ತೆಗೆದುಕೊಂಡೆ. ಎಲ್ಲರೂ ಗಾಜಿನ ಮೇಲೆ ದೇವರ ಹೆಸರನ್ನೋ ಮಕ್ಕಳ ಹೆಸರನ್ನೋ ಬರೆಸುತ್ತಾರೆ. ನಾನು 'ನಾಗರಾಜು, ಆಪರೇಟರ್' ಎಂದು ಬರೆಸಿದೆ. ಮಾಲೀಕ ಅಂತ ಬರೆಸಬಾರದೇ ಎಂದು ಪೇಂಟರ್ ಕೇಳಿದ. ಮಾಲೀಕ ಯಾರು ಬೇಕಾದರೂ ಆಗಬಹುದು ಎಂದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನಲ್ಲಿ ನನಗೆ ಒಂದು ಹೆಸರಿತ್ತು. ನಾಗರಾಜು ಮಣ್ಣು ಹಿಚುಕಿ ನೋಡಿದರೆ ಸಾಕು, ಬೇರೆ ಪರೀಕ್ಷೆ ಬೇಡ ಎನ್ನುತ್ತಿದ್ದರು. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಚುಕಿ, ಹೆಬ್ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದೆ. ಈ ನೆಲ ಪಾಯ ತಡೆಯುತ್ತದೆ, ಇದು ತಡೆಯುವುದಿಲ್ಲ, ಇಲ್ಲಿ ಎಂಟಡಿಗೆ ಬಂಡೆ ಸಿಗುತ್ತದೆ ಎಂದು ಹೇಳುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಹೇಳಿದ ಹಾಗೇ ಆಗುತ್ತಿತ್ತು. ಓದಿದ ಇಂಜಿನಿಯರುಗಳೂ ಬಂದು ಕೇಳುತ್ತಿದ್ದರು. ಅದರ ಹೆಮ್ಮೆ ನನಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಇಲ್ಲಿ ಬರೆಯುತ್ತಿರುವುದು ಉಳಿದ ಆ ಒಂದು ಸಲದ ವಿಚಾರ.

ನನ್ನ ತಂಗಿ ಭಾಗ್ಯಳನ್ನು ಕೊಟ್ಟಿರುವುದು ಹಾರೋಹಳ್ಳಿಗೂ ಕನಕಪುರಕ್ಕೂ ನಡುವೆ, ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ಒಂದು ಊರಿಗೆ. ಊರಿನ ಹೆಸರು ಬೇಡ. ಅಲ್ಲಿಯವರು ಈಗಲೂ ಸೊಪ್ಪು ತರಕಾರಿ ಮಾರಿ ಬದುಕುತ್ತಾರೆ, ಅವರ ವ್ಯಾಪಾರ ಕೆಡಿಸುವುದು ನನಗೆ ಬೇಕಿಲ್ಲ. ಊರಿನ ಪಕ್ಕದಲ್ಲಿ ಒಂದು ಕುಂಟೆ, ಅಂದರೆ ಪುಟ್ಟ ಕೆರೆ, ಇದೆ. ಕುಂಟೆಯ ಮೇಲ್ಗಡೆ, ಕಬ್ಬಿಣದ ಸಾಮಾನಿಗೆ ಹೊಳಪಿನ ಲೇಪ ಹಾಕುವ, ಪ್ಲೇಟಿಂಗ್ ಎನ್ನುತ್ತಾರಲ್ಲ, ಅಂಥದೊಂದು ಸಣ್ಣ ಕಾರ್ಖಾನೆ ಆಗ ಇತ್ತು.

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಕುಂಟೆ ಬತ್ತಿದಾಗ ತಳದಲ್ಲಿ ಕೂತಿರುವ ನುಣ್ಣನೆಯ ಕಪ್ಪು ಮಣ್ಣಿಗೆ ಗೋಡು ಎನ್ನುತ್ತೇವೆ. ಅದನ್ನು ಹೊಲಕ್ಕೆ ಹೊಡೆಸುವುದು ಅಜ್ಜನ ಕಾಲದಿಂದ ಬಂದ ಪದ್ಧತಿ. ಆಗ ಗಾಡಿ, ಆಮೇಲೆ ಟ್ರ್ಯಾಕ್ಟರ್, ಈಗ ಟಿಪ್ಪರ್. ಕೆಂಪು ನೆಲಕ್ಕೆ ಗೋಡು ಬಿದ್ದರೆ ನೀರು ಹಿಡಿದುಕೊಳ್ಳುತ್ತದೆ, ಹತ್ತು ವರ್ಷ ಅದರ ಸತ್ವ ಇರುತ್ತದೆ.

೨೦೧೯ರ ಯುಗಾದಿ ಮುಗಿದ ಮೇಲೆ ಭಾಗ್ಯ ಫೋನ್ ಮಾಡಿದಳು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ನಾನು ಸೀರೆ ಕೊಡುವುದು ಇದ್ದೇ ಇತ್ತು. ಈ ವರ್ಷ ಸೀರೆ ಬೇಡ, ಮನೆ ಹಿಂದಿನ ಹದಿನಾಲ್ಕು ಗುಂಟೆಗೆ ಗೋಡು ಹೊಡೆಸಿಕೊಡು, ಅದನ್ನೇ ತವರಿನದು ಅಂತ ಇಟ್ಟುಕೊಳ್ಳುತ್ತೇನೆ ಎಂದಳು.

"ಸೀರೆ ಆದ್ರೆ ನಾನೊಬ್ಳೇ ಉಡ್ತೀನಿ ಅಣ್ಣ. ಗೋಡಾದ್ರೆ ಮನೆಯೋರೆಲ್ಲ ಉಣ್ತೀವಿ."

ನನಗೆ ಆ ಮಾತು ಬಹಳ ಹಿಡಿಸಿತು. ಏಪ್ರಿಲ್‌ನಲ್ಲಿ ಮೆಷಿನ್ ತೆಗೆದುಕೊಂಡು ಹೋದೆ. ಕುಂಟೆ ಬತ್ತಿ ಬಿರುಕು ಬಿಟ್ಟಿತ್ತು. ಒಂದು ಹೆಂಟೆ ತೆಗೆದು ಒಡೆದೆ, ನೀರು ಚಿಮುಕಿಸಿ ಹಿಚುಕಿದೆ. ಬೆಣ್ಣೆಯ ಹಾಗಿತ್ತು. ಅಲ್ಲಲ್ಲಿ ಹಸಿರು ಛಾಯೆ ಕಂಡಿತು, ಒಣಗಿದ ಪಾಚಿ ಅಂದುಕೊಂಡೆ. ಫಸ್ಟ್ ಕ್ಲಾಸ್ ಗೋಡು ಎಂದು ಊರವರ ಮುಂದೆಯೇ ಹೇಳಿದೆ. ಕಾರ್ಖಾನೆ ಕಡೆಯಿಂದ ಒಂದು ಸಣ್ಣ ಕಾಲುವೆ ಅದೇ ಮೂಲೆಗೆ ಬಂದು ಸೇರುತ್ತಿತ್ತು. ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ರಾಮನಗರದ ನಯಾಜ್ ಎಂಬುವವನ ಟಿಪ್ಪರ್‌ನಲ್ಲಿ ಇಪ್ಪತ್ತೆರಡು ಲೋಡು ಸಾಗಿಸಿ, ಹದಿನಾಲ್ಕು ಗುಂಟೆಗೂ ಸಮನಾಗಿ ನಾಲ್ಕು ಇಂಚು ಹರಡಿದೆ. ಆ ವರ್ಷ ಭಾಗ್ಯಳ ದಂಟಿನ ಸೊಪ್ಪು ಮೊಣಕಾಲುದ್ದ ಬಂತು. ಹಾರೋಹಳ್ಳಿ ಸಂತೆಯಲ್ಲಿ ಅವಳ ಕುಕ್ಕೆ ಮೊದಲು ಖಾಲಿಯಾಗುತ್ತಿತ್ತು. ಅವರಿವರ ಮುಂದೆ ನಾನೂ ಹೇಳಿಕೊಂಡು ತಿರುಗಿದೆ.

ಮಾರನೇ ವರ್ಷ ಕಾರ್ಖಾನೆ ಮುಚ್ಚಿತು. ಅದು ಬಿಟ್ಟುಹೋದ ನೀರಿನಿಂದ ಕುಂಟೆಯ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್, ಸೀಸ ಸೇರಿಕೊಂಡಿವೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿ, ಮಣ್ಣನ್ನು ತೆಗೆದು ಶುದ್ಧ ಮಾಡಬೇಕೆಂದು ಆದೇಶವಾಯಿತು. ೨೦೨೨ರ ಫೆಬ್ರವರಿಯಲ್ಲಿ ಕೆಲಸ ಶುರುವಾದಾಗ ಅಗೆಯುವ ಕೆಲಸ ನನಗೆ ಬಂತು. ಇಡೀ ಕೆಲಸದ ಜವಾಬ್ದಾರಿ ಹೊತ್ತಿದ್ದವರು ಇಂಜಿನಿಯರ್ ಶಾಲಿನಿ ಮೇಡಂ. ಮೂವತ್ತೈದರ ಆಸುಪಾಸು, ದಾವಣಗೆರೆ ಕಡೆಯವರು, ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದರು. ಮೊದಲ ದಿನವೇ ನಮ್ಮನ್ನೆಲ್ಲ ಕೂರಿಸಿ ಹೇಳಿದರು: ಎಲೆ ಕೊಳೆಯುತ್ತದೆ, ಸಗಣಿ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ. ಮಣ್ಣಿಗೆ ಬಿದ್ದ ಸೀಸ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ತೆಗೆಯಬೇಕು, ಇಲ್ಲವೇ ಕಟ್ಟಿಹಾಕಬೇಕು, ಮೂರನೇ ದಾರಿ ಇಲ್ಲ.

ಕೆಲಸದ ಕ್ರಮ ಹೀಗಿತ್ತು. ಕುಂಟೆಯ ಮಣ್ಣನ್ನು ಪದರ ಪದರವಾಗಿ ತೆಗೆದು ಪಕ್ಕದ ಯಾರ್ಡಿಗೆ ಹಾಕುವುದು. ಅಲ್ಲಿ ಯಂತ್ರದಲ್ಲಿ ನೀರು ಹಾಯಿಸಿ ಜಲ್ಲಿ, ಮರಳನ್ನು ತೊಳೆದು ಬೇರೆ ಮಾಡುವುದು. ಲೋಹ ಅಂಟಿಕೊಳ್ಳುವುದು ನುಣ್ಣನೆಯ ಮಣ್ಣಿಗೆ. ಅದನ್ನು ಹಿಂಡಿ, ಟಾರ್ಪಲ್ ಮುಚ್ಚಿದ ಲಾರಿಯಲ್ಲಿ, ತಳಕ್ಕೆ ದಪ್ಪ ಹಾಳೆ ಹಾಸಿದ ದೂರದ ಗುಂಡಿಗೆ ಕಳಿಸುವುದು. ಪ್ರತಿ ಲೋಡಿಗೂ ಚೀಟಿ, ಯಾರ್ಡ್ ಬಿಡುವ ಪ್ರತಿ ಗಾಡಿಯ ಚಕ್ರಕ್ಕೂ ನೀರು. ನಮಗೆ ಮಾಸ್ಕು, ಗ್ಲೌಸು, ಗಂಬೂಟು. ಮಣ್ಣು ತೊಳೆಯುತ್ತಾರೆ ಎಂಬ ಸುದ್ದಿಗೆ ಊರೆಲ್ಲ ನಕ್ಕಿತು. ನನ್ನ ತಂಗಿಯ ಗಂಡ ಶಿವಲಿಂಗ ದಿನಾ ಬಂದು ಕುಂಟೆ ಏರಿಯ ಮೇಲೆ ಕೂರುತ್ತಿದ್ದ.

"ಏನ್ ಬಾವ, ಮಣ್ಣಿಗೇ ನೀರು ಹುಯ್ತೀರಂತೆ? ಎಣ್ಣೆ ಹಚ್ಚಿ ಹುಯ್ತೀರೋ, ಬರೀ ಸೀಗೆಪುಡೀನೋ?"

ಕೆಲಸ ಶುರುವಾಗುವ ಮುಂಚೆ ಶಾಲೆಯ ಅಂಗಳದಲ್ಲಿ ಸಭೆ ಮಾಡಿದ್ದರು. ಮೇಡಂ ಹಾಳೆ ನೋಡಿಕೊಂಡು ಓದಿದರು: "ಈ ಪ್ರದೇಶದಿಂದ ಕಲುಷಿತ ಕೆಸರನ್ನು ಯಾರಾದರೂ ಹೊರಗೆ ಸಾಗಿಸಿದ್ದೀರಾ?" ಒಬ್ಬರೂ ಕೈ ಎತ್ತಲಿಲ್ಲ. ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ಕಲುಷಿತ ಕೆಸರನ್ನು ಯಾರು ಮನೆಗೆ ಹೊರುತ್ತಾರೆ? ಗುತ್ತಿಗೆದಾರರ ಹಾಳೆಯಲ್ಲೂ ಅದೇ ಪ್ರಶ್ನೆ ಇತ್ತು. ಇಲ್ಲ ಎಂದು ಬರೆದು ನಾನು ಸಹಿ ಮಾಡಿದೆ. ಮೂರು ವರ್ಷದ ಹಿಂದಿನ ಗೋಡು ಆ ಕ್ಷಣಕ್ಕೆ ನನ್ನ ನೆನಪಿಗೇ ಬರಲಿಲ್ಲ.

ಮಾರ್ಚ್ ಮೊದಲ ವಾರ ಕುಂಟೆಯ ಮೇಲಿನ ಮೂಲೆಗೆ ಬಂದೆವು. ಕಾರ್ಖಾನೆಯ ಕಾಲುವೆ ಸೇರುವ ಜಾಗ, ಮೇಡಂ ಲೆಕ್ಕದ ಪ್ರಕಾರ ಅತಿ ಹೆಚ್ಚು ವಿಷ ಇರಬೇಕಾದ ಜಾಗ. ಅಲ್ಲಿ ಒಂದಡಿಗೂ ಕಡಿಮೆ ಹೊಸ ಹೂಳು, ಅದರ ಕೆಳಗೆ ಗಟ್ಟಿ ಬಿಳಿ ಜೇಡಿ. ಮೇಡಂ ನಕ್ಷೆ ತಿರುಗಿಸಿ ಮುರುಗಿಸಿ ನೋಡಿದರು. ಇಲ್ಲಿ ಮೂರಡಿ ಇರಬೇಕಿತ್ತು, ನೀರು ಕೊಚ್ಚಿಕೊಂಡು ಹೋಗಿರಬಹುದೇ ಎಂದರು. ಮಾದರಿ ತೆಗೆಯಲು ಜೇಡಿಯ ಮೇಲ್ಮೈಯನ್ನು ಕೈಯಿಂದ ಸ್ವಚ್ಛ ಮಾಡಿಸಿದರು.

ನಾನು ಮೆಷಿನ್ ಇಳಿದು ನೋಡಿದೆ. ಬಿಳಿ ಜೇಡಿಯ ಮೇಲೆ ಉದ್ದುದ್ದ ಗೆರೆಗಳು. ಮಣ್ಣು ತೋಡುವ ಜೆಸಿಬಿ ಬಕೆಟ್ ಹಲ್ಲಿನ ಗುರುತು. ಬಕೆಟ್‌ಗೆ ಐದು ಹಲ್ಲು ಇರುತ್ತವೆ, ಗೆರೆಯೂ ಐದು ಬೀಳಬೇಕು. ಇಲ್ಲಿ ನಾಲ್ಕು ಬಿದ್ದಿದ್ದವು. ಎಡದಿಂದ ಎರಡನೆಯದರ ಜಾಗ ಖಾಲಿ. ೨೦೧೯ರಲ್ಲಿ ಮಾಗಡಿ ಕಡೆ ಬಂಡೆಗೆ ಸಿಕ್ಕಿ ನನ್ನ ಬಕೆಟ್‌ನ ಎಡದಿಂದ ಎರಡನೇ ಹಲ್ಲು ಮುರಿದಿತ್ತು. ಹೊಸದು ಹಾಕಿಸದೆ ಆ ಬೇಸಿಗೆಯೆಲ್ಲ ಓಡಿಸಿದ್ದೆ.

ಆ ಗುರುತು ಓದಲು ಬರುತ್ತಿದ್ದವನು ಅಲ್ಲಿ ನಾನೊಬ್ಬನೇ ಎಂದುಕೊಂಡೆ. ತಿರುಗಿ ನೋಡಿದರೆ ಟಿಪ್ಪರ್ ಬಾಗಿಲಲ್ಲಿ, ಆವತ್ತು ಗೋಡು ಸಾಗಿಸಿದ್ದ ನಯಾಜ್ ನಿಂತಿದ್ದ. ಅವನ ಮುಖ ನೋಡಿದೊಡನೆ ಇಬ್ಬರಾದೆವು ಎಂದು ಗೊತ್ತಾಯಿತು. ಮಧ್ಯಾಹ್ನ ಕೈ ತೊಳೆಯುವಾಗ ಅವನು ಪಕ್ಕಕ್ಕೆ ಬಂದ.

"ನಾನೇನೂ ನೋಡಿಲ್ಲ ಅಣ್ಣ. ನೀವು ಹೇಳಿದ್ರೆ ನಾನೂ ಹೂಂ ಅಂತೀನಿ. ನೀವು ಹೇಳ್ದಿದ್ರೆ, ನೀರು ಕೊಚ್ಕೊಂಡೋಯ್ತು ಅಷ್ಟೇ."

ಬುತ್ತಿ ಬಿಚ್ಚಿ ಮತ್ತೆ ಮುಚ್ಚಿಟ್ಟೆ. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಸುಳ್ಳು ಸಹಿ ಮಾಡಿದವನು ಎಂದು ಕೆಲಸದಿಂದ ತೆಗೆಯಬಹುದು. ವಿಷವನ್ನು ಫಸ್ಟ್ ಕ್ಲಾಸ್ ಅಂದವನು ಎಂದು ನಾಲ್ಕು ತಾಲ್ಲೂಕಿನಲ್ಲಿ ನಗಬಹುದು. ಇವೆರಡನ್ನೂ ನುಂಗಬಹುದಿತ್ತು. ಭಾಗ್ಯಳ ಹೊಲ ಅಗೆಯುತ್ತಾರೆ, ಅದಕ್ಕೆ ಮನಸ್ಸು ಒಪ್ಪಲಿಲ್ಲ. ಹೇಳದಿದ್ದರೆ? ಅದಕ್ಕೆ ಉತ್ತರ ಹುಡುಕಬೇಕಿರಲಿಲ್ಲ. ಅವಳ ಮಗಳು ಕಾವ್ಯ ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಸುರಿಗೆ ಒಳ್ಳೆಯದು ಎಂದು ದಿನಾ ಹಿತ್ತಲಿನ ಸೊಪ್ಪನ್ನೇ ತಿನ್ನಿಸುತ್ತಿದ್ದರು.

ಮೇಡಂ ಟೆಂಟಿನ ಕೆಳಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ನಿಂತುಕೊಂಡೇ ಹೇಳಿದೆ. "ನೀರು ಕೊಚ್ಕೊಂಡ್ಹೋಗಿಲ್ಲ ಮೇಡಂ. ನಾನೇ ತೆಗೆದಿದ್ದು. ಇಪ್ಪತ್ತೆರಡು ಲೋಡು. ಇಲ್ಲೇ ಅರ್ಧ ಕಿಲೋಮೀಟರ್, ನನ್ನ ತಂಗಿ ಹೊಲದಲ್ಲಿದೆ."

ಬೈಯುತ್ತಾರೆ ಎಂದು ಕಾದೆ. ಅವರು ಸಭೆಯ ಹಾಳೆ ತೆಗೆದರು. "ಆವತ್ತು ಕೇಳಿದೆನಲ್ಲ ನಾಗರಾಜು ಅವರೇ, ಯಾಕೆ ಹೇಳಲಿಲ್ಲ?" ಎಂದರು. ನೀವು ಕೇಳಿದ್ದು ಕೆಸರು ಮೇಡಂ, ನಾವು ಹೊಡೆಸಿದ್ದು ಗೋಡು ಎಂದೆ. ಅವರಿಗೆ ಆ ಪದವೇ ಗೊತ್ತಿರಲಿಲ್ಲ. ಅರ್ಥ ಹೇಳಿದೆ. ಅವರು ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಂಡರು. ಆಮೇಲೆ ಕೇಳಿದ್ದು ಒಂದೇ: ಈ ಊರಿನಲ್ಲಿ ಎಷ್ಟು ಜನ ಗೋಡು ಹೊಡೆಸಿದ್ದಾರೆ?

ಆ ಸಂಜೆ ಬೆಳಕಿರುವಾಗಲೇ ಭಾಗ್ಯಳ ಮನೆಗೆ ಹೋದೆ. ಹಿತ್ತಲಲ್ಲಿ ಸೊಪ್ಪಿನ ಮಡಿಗಳು ಎದ್ದುನಿಂತಿದ್ದವು. ಕಾವ್ಯ ಜಗಲಿಯ ಮೇಲೆ ಕೂತು ಮುದ್ದೆ ಉಣ್ಣುತ್ತಿದ್ದಳು, ದಂಟಿನ ಸೊಪ್ಪಿನ ಬಸ್ಸಾರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ತಟ್ಟೆ ನೋಡಿದಾಗ ಎಲ್ಲ ಮರೆತುಹೋಯಿತು. ಅದನ್ನು ತಿನ್ನಬೇಡ ಮಗ ಎಂದುಬಿಟ್ಟೆ.

ಭಾಗ್ಯ ಒಳಗಿನಿಂದ ಬಂದಳು. "ಏನಣ್ಣ, ಉಣ್ಣೋ ತಟ್ಟೆಗೆ ಕೈ ಅಡ್ಡ ಹಿಡೀತೀಯ?"

ಎಲ್ಲ ಹೇಳಿದೆ. ಶಿವಲಿಂಗ ಮೊದಲು ನಕ್ಕ, ಆಮೇಲೆ ನಿಲ್ಲಿಸಿದ. ಭಾಗ್ಯ ನಂಬಲಿಲ್ಲ. ಮೂರು ವರ್ಷ ತಿಂದಿದ್ದೇವೆ, ಯಾರಿಗೆ ಏನಾಗಿದೆ ಎಂದಳು. ಇಂಥ ಬೆಳೆ ಕೊಡುವ ಮಣ್ಣು ಕೆಟ್ಟದ್ದು ಹೇಗಾಗುತ್ತದೆ ಎಂದಳು. ನೀನೇ ಹಿಚುಕಿ ನೋಡಿ ಹೇಳಿದ್ದೆಯಲ್ಲ ಎಂದಳು. ಮಣ್ಣು ತೆಗೆಯಬೇಕಾಗಬಹುದು ಎಂದ ಮೇಲೆ ಅವಳ ದನಿ ಬೇರೆಯಾಯಿತು.

"ತವರಿಂದ ಕೊಟ್ಟಿದ್ನ ವಾಪಸ್ ತಕ್ಕೊಂಡೋಗಿದ್ದ ಎಲ್ಲಾದ್ರೂ ಕೇಳಿದ್ದೀಯಾ ನೀನು? ಅಪ್ಪ ಇದ್ದಿದ್ರೆ ಹಿಂಗೆ ಬಾಗ್ಲಲ್ಲಿ ನಿಂತ್ಕೊಂಡು ಕೇಳ್ತಿದ್ದಾ?"

ನಮ್ಮಲ್ಲಿ ಹೆಣ್ಣುಮಗಳಿಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಎಂದರೆ ಅವಳ ಜೊತೆ ಸಂಬಂಧ ಮುಗಿಯಿತು ಎಂದೇ. ಅರಿಶಿನ ಕುಂಕುಮದ ತಟ್ಟೆಯನ್ನೂ ಹಿಂದಕ್ಕೆ ತರುವುದಿಲ್ಲ. ನನಗೂ ಅದು ಗೊತ್ತಿತ್ತು.

"ಸೀರೆ ಆಗಿದ್ರೆ ಮಡಚಿ ಕೊಟ್ಬುಡಬೋದಿತ್ತು ಬಾವ," ಎಂದ ಶಿವಲಿಂಗ. "ನೆಲಾನ ಹೆಂಗೆ ಮಡಚದು?"

ಆ ದಿನ ನೀರೂ ಕುಡಿಯದೆ ಬಂದೆ. ಕಾವ್ಯಳ ತಟ್ಟೆಯಲ್ಲಿ ಮುದ್ದೆ ಹಾಗೇ ಇತ್ತು. ಅವಳು ಮಾತ್ರ ನನ್ನ ಮಾತು ನಂಬಿದ್ದಳು ಅನ್ನಿಸುತ್ತದೆ.

ಬೆಳಗ್ಗೆ ಎಂಟಕ್ಕೆ ಮೇಡಂ ಎಕ್ಸ್‌ಆರ್‌ಎಫ್ ಗನ್ ಹಿಡಿದು ಬಂದರು. ನೋಡಲು ಡ್ರಿಲ್ಲಿಂಗ್ ಮೆಷಿನ್ ಹಾಗಿರುತ್ತದೆ. ಮೂತಿಯನ್ನು ಮಣ್ಣಿಗೆ ಮುಟ್ಟಿಸಿ ಒಂದು ನಿಮಿಷ ಹಿಡಿದರೆ ಯಾವ ಲೋಹ ಎಷ್ಟಿದೆ ಎಂದು ಅದರ ಬೆನ್ನ ಮೇಲಿನ ಪರದೆಯಲ್ಲಿ ತೋರಿಸುತ್ತದೆ. ಹೊಲವನ್ನು ಹಗ್ಗ ಹಿಡಿದು ಇಪ್ಪತ್ತೆಂಟು ಚೌಕ ಮಾಡಿದೆವು. ಮಿತಿಯೊಳಗಿದ್ದರೆ ಬಿಳಿ ಬಾವುಟ, ಮೀರಿದ್ದರೆ ಕೆಂಪು. ಭಾಗ್ಯ ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಮೊದಲ ಮೂರು ಚೌಕ ಬಿಳಿ ಬಂದವು. ನೋಡಿದೆಯಾ ಎನ್ನುವ ಹಾಗೆ ನನ್ನ ಕಡೆ ನೋಡಿದಳು. ನಾಲ್ಕನೆಯದು ಕೆಂಪು. ಐದು ಕೆಂಪು. ಆರು ಕೆಂಪು. ಹನ್ನೊಂದು ಗಂಟೆಗೆ ಮುಗಿದಾಗ ಹತ್ತೊಂಬತ್ತು ಕೆಂಪು, ಒಂಬತ್ತು ಬಿಳಿ.

ಭಾಗ್ಯ ಎದ್ದು ಬಂದು ಮೇಡಂ ಮುಂದೆ ನಿಂತಳು. ನಾನು ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆಯುತ್ತೇನೆ, ಆದರೂ ಹೋಗುವುದಿಲ್ಲವಾ ಎಂದು ಕೇಳಿದಳು. ಮೇಡಂ ಸುತ್ತಿ ಬಳಸಿ ಹೇಳಲಿಲ್ಲ. ಎಲೆಯ ಮೇಲಿರುವ ಮಣ್ಣು ತೊಳೆದರೆ ಹೋಗುತ್ತದೆ, ಬೇರಿನಿಂದ ಒಳಗೆ ಹೋದದ್ದು ಹೋಗುವುದಿಲ್ಲ, ಹೊಟ್ಟೆಯಲ್ಲಿರುವ ಮಗುವಿಗೆ ಸೀಸ ಒಳ್ಳೆಯದಲ್ಲ ಎಂದರು. ಭಾಗ್ಯ ಕೆಂಪು ಬಾವುಟಗಳನ್ನು ಬೆರಳು ಮಡಚಿ ತಾನೇ ಇನ್ನೊಮ್ಮೆ ಎಣಿಸಿದಳು. ಆಮೇಲೆ ಮಡಿಗೆ ಇಳಿದು ಸೊಪ್ಪು ಕೀಳಲು ಶುರು ಮಾಡಿದಳು. ಮೇಡಂ ಓಡಿಹೋಗಿ ಗ್ಲೌಸು ಕೊಟ್ಟರು. ಸೊಪ್ಪನ್ನೂ ಚೀಲ ಕಟ್ಟಿ ಯಾರ್ಡಿಗೇ ಕಳಿಸಬೇಕಿತ್ತು, ಹಸುವಿಗೂ ಹಾಕುವಂತಿರಲಿಲ್ಲ.

ಮಾರನೇ ದಿನ ಕಾವ್ಯಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಐದು ದಿನ ಬಿಟ್ಟು ವರದಿ ಬಂತು. ಗಾಬರಿ ಪಡುವಂತಿಲ್ಲ, ಆ ಸೊಪ್ಪು ನಿಲ್ಲಿಸಿ, ಹೆರಿಗೆಯ ತನಕ ತಿಂಗಳಿಗೊಮ್ಮೆ ತೋರಿಸಿ ಎಂದರು ಡಾಕ್ಟರು. ಸಂತೆಯಲ್ಲಿ ಭಾಗ್ಯಳ ಸೊಪ್ಪು ಕೊಳ್ಳುವ ಖಾಯಂ ಗಿರಾಕಿಗಳಿದ್ದರು. ಅವಳು ಖಾಲಿ ಕೈಯಲ್ಲಿ ಸಂತೆಗೆ ಹೋಗಿ ಅವರನ್ನೆಲ್ಲ ಹುಡುಕಿ ವಿಷಯ ಹೇಳಿ ಬಂದಳು. ಹೇಳು ಎಂದು ಯಾರೂ ಹೇಳಿರಲಿಲ್ಲ.

ಹೊಲವನ್ನು ಕೆಲಸದ ನಕ್ಷೆಗೆ ಸೇರಿಸಿಕೊಳ್ಳಲು ಮೇಲಿನಿಂದ ಒಪ್ಪಿಗೆ ಬರಬೇಕಿತ್ತು. ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಏಪ್ರಿಲ್ ಬಂದು ಸಂಜೆಯ ಹೊತ್ತು ಮೋಡ ಕಟ್ಟತೊಡಗಿತು. ಮೇಡಂಗೆ ನಿದ್ದೆ ಕೆಟ್ಟದ್ದು ಆ ಮೋಡದಿಂದ. ಹೊಲ ಇಳಿಜಾರು, ಇಳಿಜಾರಿನ ಕೊನೆಗೆ ಬಾವಿ. ಸಡಿಲವಾದ ಮಣ್ಣಿನ ಮೇಲೆ ಒಂದು ಜೋರು ಮಳೆ ಬಿದ್ದರೆ ಎಲ್ಲ ಬಾವಿಗೆ ಇಳಿಯುತ್ತದೆ. ಅದು ನಾಲ್ಕು ಮನೆ ಕುಡಿಯುವ ನೀರು.

ಬೇರೆ ಕಡೆಯಿಂದ ಆಪರೇಟರ್ ಕರೆಸುತ್ತೇವೆ, ನಿಮಗೆ ಕಷ್ಟ ಆಗಬಹುದು ಎಂದು ಮೇಡಂ ನನಗೆ ಹೇಳಿದಾಗ ಭಾಗ್ಯ ಅಲ್ಲೇ ಇದ್ದಳು. ಮೂರು ವಾರದಲ್ಲಿ ನನ್ನ ಜೊತೆ ಆಡಿದ ಮೊದಲ ಮಾತು ಅವತ್ತಿನದು.

"ನೀನೇ ಕೂತ್ಕೋಬೇಕು ಮಿಸಿನ್ ಮೇಲೆ. ಬ್ಯಾರೆಯೋರ ಕೈಯಲ್ಲಿ ನನ್ನ ನೆಲ ಕೆರೆಸ್ಬ್ಯಾಡ."

ಈ ಕೆಲಸ ಗುಂಡಿ ತೋಡಿದ ಹಾಗಲ್ಲ. ಮೇಲಿನ ನಾಲ್ಕಿಂಚು ಗೋಡು ಹೋಗಬೇಕು, ಕೆಳಗಿನ ಕೆಂಪು ಮಣ್ಣು ಉಳಿಯಬೇಕು. ಬಕೆಟ್ ಹಲ್ಲುಗಳ ಮೇಲೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿ, ರೊಟ್ಟಿ ಮಗುಚುವ ಸಟ್ಟುಗದ ಹಾಗೆ ಮಾಡಿಕೊಂಡೆ. ಮೆಷಿನ್ ಯಾವಾಗಲೂ ಕೆಟ್ಟ ಮಣ್ಣಿನ ಮೇಲೇ ನಿಂತಿರಬೇಕು, ಕೆರೆಯುತ್ತಾ ಹಿಂದಕ್ಕೆ ಬರಬೇಕು, ಕೆರೆದ ಜಾಗಕ್ಕೆ ಚಕ್ರ ಮುಟ್ಟಬಾರದು. ಕಪ್ಪು ಹೋಗಿ ಕೆಂಪು ಕಾಣಿಸಿದರೆ ಸಾಕು ಎಂದುಕೊಂಡಿದ್ದೆ. ಆದರೆ ಮೂರು ವರ್ಷ ಉತ್ತು ಉತ್ತು ಎರಡೂ ಬೆರೆತಿದ್ದವು. ಮೊದಲ ದಿನ ನಾಲ್ಕಿಂಚು ತೆಗೆದು, ಕೆಂಪು ನೋಡಿ, ಇಷ್ಟು ಸಾಕು ಮೇಡಂ ಎಂದೆ. ಅವರು ಗನ್ ಹಿಡಿದು ತಲೆಯಾಡಿಸಿದರು. ಕಣ್ಣಿಗೆ ಅಪ್ಪಟ ಕೆಂಪು ಮಣ್ಣು, ಗನ್ನಿಗೆ ಅಲ್ಲ. ಆರಿಂಚಿಗೆ ಹೋಗಬೇಕಾಯಿತು. ನಾನು ಕೊಟ್ಟದ್ದರ ಜೊತೆ ಅವಳದ್ದೂ ಹೋಗತೊಡಗಿತು. ಮೆಷಿನ್ ಕನ್ನಡಿಯಲ್ಲಿ 'ಸಾಕು ಕಣಣ್ಣ' ಎಂದು ಕೈ ಮಾಡುತ್ತಿದ್ದ ಭಾಗ್ಯಳನ್ನು ನೋಡದಿರಲು ಕನ್ನಡಿ ತಿರುಗಿಸಿಟ್ಟೆ.

ಎರಡು ದಿನಕ್ಕೆ ಇಪ್ಪತ್ನಾಲ್ಕು ಲೋಡು ಹೋಯಿತು. ಮೂರನೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಬಾವಿಯ ಪಕ್ಕದ ನಾಲ್ಕು ಚೌಕ ಉಳಿದಿದ್ದವು. ಆರಿಂಚು ತೆಗೆದರೂ ಅಲ್ಲಿ ಕೆಂಪು ಬಾವುಟವೇ. ಇಳಿಜಾರಿನ ಕೊನೆಯಾದ್ದರಿಂದ ಮೂರು ಮಳೆಗಾಲದ ಮಣ್ಣು ಅಲ್ಲೇ ಬಂದು ನಿಂತಿತ್ತು. ಅಷ್ಟರಲ್ಲಿ ಗಾಳಿ ಎದ್ದಿತು. ಬಿಡದಿ ಕಡೆಯಿಂದ ಮೋಡ ಕಪ್ಪಗೆ ಬಂತು.

ಮೇಡಂ ನಿಲ್ಲಿಸಿ, ಟಾರ್ಪಲ್ ಮುಚ್ಚೋಣ ಎಂದರು. ನಾನು ಬಾವಿಕಟ್ಟೆ ಕಡೆ ನೋಡಿದೆ. ಸಡಿಲವಾದ ಮಣ್ಣು ಕಟ್ಟೆಗೆ ಐದಡಿಯಲ್ಲಿ ಗುಡ್ಡೆಯಾಗಿತ್ತು. ಈ ಗಾಳಿಗೆ ಟಾರ್ಪಲ್ ನಿಲ್ಲುವುದಿಲ್ಲ ಎಂದು ಮೂವತ್ತು ವರ್ಷ ಮಣ್ಣಿನಲ್ಲಿ ಬಿದ್ದವನಿಗೆ ಗೊತ್ತಾಗುತ್ತದೆ. ಹಿಂದಿನ ನಾಗರಾಜು ಆಗಿದ್ದರೆ ಯಾರನ್ನೂ ಕೇಳದೆ ಕೆರೆದು ಮುಗಿಸಿ, ಹಿಚುಕಿ ನೋಡಿ, ಆಯಿತು ಎನ್ನುತ್ತಿದ್ದ.

"ಇಪ್ಪತ್ತು ನಿಮಿಷ ಕೊಡಿ ಮೇಡಂ," ಎಂದೆ. "ಬಕೆಟ್ ನಾನು ಹಿಡೀತೀನಿ, ಗನ್ ನೀವು ಹಿಡೀರಿ. ಸಾಕು ಅನ್ನೋದು ನೀವೇ ಹೇಳಿ, ನಾನು ಹೇಳಲ್ಲ."

ಅವರು ಆಕಾಶ ನೋಡಿದರು, ಬಾವಿ ನೋಡಿದರು, ಹೂಂ ಎಂದರು. ಒಂದೊಂದು ಚೌಕಕ್ಕೂ ಎರಡಿಂಚು ಹೆಚ್ಚಿಗೆ ತೆಗೆದೆ. ಬಾವಿಕಟ್ಟೆಗೆ ಒಂದು ಗೇಣು ಅಂತರದಲ್ಲಿ ಬಕೆಟ್ ಆಡಿಸಬೇಕು. ತಾಗಿದರೆ ಹಳೆಯ ಕಲ್ಲುಕಟ್ಟಡ ಕುಸಿಯುತ್ತದೆ. ಪ್ರತಿ ಚೌಕಕ್ಕೂ ಮೇಡಂ ಮೊಣಕಾಲೂರಿ ಗನ್ ಇಟ್ಟು ಒಂದು ನಿಮಿಷ ಕಾಯಬೇಕು. ಆ ಒಂದೊಂದು ನಿಮಿಷ ನಾನು ಆ್ಯಕ್ಸಿಲರೇಟರ್ ಇಳಿಸಿ ಅವರ ಬೆನ್ನನ್ನೇ ನೋಡುತ್ತಿದ್ದೆ. ಬಿಳಿ. ಬಿಳಿ. ಮೂರನೆಯದು ಕೆಂಪು, ಇನ್ನೆರಡಿಂಚು, ಬಿಳಿ. ನಾಲ್ಕನೆಯ ಚೌಕ ಕೆರೆಯುವಾಗ ಗಾಜಿನ ಮೇಲೆ ದಪ್ಪ ಹನಿ ಬಿತ್ತು. ನಯಾಜ್ ಟಿಪ್ಪರನ್ನು ಬಕೆಟ್ ಕೆಳಗೇ ತಂದು ನಿಲ್ಲಿಸಿದ್ದ. ಭಾಗ್ಯ ಮತ್ತು ಶಿವಲಿಂಗ ಟಾರ್ಪಲಿನ ಎರಡು ತುದಿ ಹಿಡಿದು ಗಾಳಿಗೆ ಎಳೆದಾಡುತ್ತಾ ನಿಂತಿದ್ದರು. ಕೊನೆಯ ಬಕೆಟ್ ಟಿಪ್ಪರಿಗೆ ಬಿದ್ದದ್ದೇ ತಡ ಇಬ್ಬರೂ ಮಣ್ಣು ತುಂಬಿದ ಡಾಲಾ ಹತ್ತಿ ಟಾರ್ಪಲ್ ಕಟ್ಟಿದರು. ಮೇಡಂ ಗನ್ ಇಟ್ಟರು. ಮಳೆ ಶುರುವಾಯಿತು. ಅವರು ತಮ್ಮ ಕೋಟನ್ನು ಗನ್ನಿನ ಮೇಲೆ ಹಿಡಿದು ನಿಮಿಷ ಮುಗಿಸಿ ಎದ್ದರು.

"ಸಾಕು ನಾಗರಾಜು ಅವರೇ."

ಮೆಷಿನ್ ಆಫ್ ಮಾಡಿದೆ. ಮಳೆ ಒಂದು ಗಂಟೆ ಹೊಡೆಯಿತು. ಹೊಲದಿಂದ ಕೆಂಪು ನೀರು ಹರಿಯಿತು. ಮೇಡಂ ಅದನ್ನೂ ಬಾಟಲಿಗೆ ಹಿಡಿದುಕೊಂಡರು. ಹತ್ತು ದಿನ ಬಿಟ್ಟು ಲ್ಯಾಬಿನಿಂದ ಬಂದ ವರದಿಯಲ್ಲಿ ಹೊಲವೂ ಬಾವಿಯೂ ಮಿತಿಯೊಳಗೇ ಇದ್ದವು. ಒಟ್ಟು ಮೂವತ್ತೈದು ಲೋಡು ಹೋಗಿತ್ತು. ಇಪ್ಪತ್ತೆರಡು ಕೊಟ್ಟು ಮೂವತ್ತೈದು ತೆಗೆದಿದ್ದೆ. ಆ ಹದಿಮೂರರ ವಿಚಾರ ಭಾಗ್ಯ ಎತ್ತಲೇ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಮೇ ತಿಂಗಳಲ್ಲಿ ಮತ್ತೆ ಸಭೆ ಕರೆದರು. ಮೇಡಂ ಈ ಸಲ ಹಾಳೆ ನೋಡಲಿಲ್ಲ. "ಈ ಕುಂಟೆಯಿಂದ ಹೊಲಕ್ಕೆ ಗೋಡು ಯಾರ್ಯಾರು ಹೊಡೆಸಿದ್ದೀರಿ?" ಎಂದು ಕೇಳಿದರು. ನಾನು ಎದ್ದು ನಿಂತು, ನನ್ನ ತಂಗಿಗೆ ನಾನೇ ಹೊಡೆಸಿದ್ದೆ, ಚೆನ್ನಾಗಿದೆ ಎಂದು ಹೇಳಿದ್ದೂ ನಾನೇ, ನನಗೆ ಗೊತ್ತಾಗಲಿಲ್ಲ ಎಂದೆ. ಅಷ್ಟು ಜನರ ಮುಂದೆ ಗೊತ್ತಾಗಲಿಲ್ಲ ಎಂದದ್ದು ಅದೇ ಮೊದಲು. ಹೆಂಗಸರ ಸಾಲಿನಲ್ಲಿ ಭಾಗ್ಯ ಕೈ ಎತ್ತಿದಳು. ಆಮೇಲೆ ಇನ್ನೊಂದು ಕೈ, ಇನ್ನೊಂದು. ಒಟ್ಟು ಆರು ಮನೆ. ಅದರಲ್ಲಿ ಎರಡು ಹೊಲ ಕೆರೆಯಬೇಕಾಯಿತು. ಅವೆರಡನ್ನೂ ನಾನೇ ಕೆರೆದೆ.

ಭಾಗ್ಯಳ ಹೊಲಕ್ಕೆ ಬೇರೆ ಕಡೆಯಿಂದ ಮಣ್ಣು ತಂದು ತುಂಬಿದೆವು. ಪ್ರತಿ ಲೋಡು ಬಂದಾಗಲೂ ಅವಳು ಬಾಗಿಲಲ್ಲಿ ನಿಂತು, ಇದಕ್ಕಾದರೂ ಗನ್ ಹಿಡಿದು ನೋಡಿದ್ದೀಯಾ ಎಂದು ಕೇಳುತ್ತಿದ್ದಳು. ಎರಡು ವರ್ಷ ಅಲ್ಲಿ ತಿನ್ನುವ ಬೆಳೆ ಬೇಡ ಎಂದಿದ್ದರು. ಚೆಂಡುಹೂವು ಹಾಕಿದಳು. ಕಾವ್ಯಳ ಹೆರಿಗೆ ಸಲೀಸಾಗಿ ಆಯಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ನಾನು ಮಣ್ಣು ಹಿಚುಕಿ ನೋಡುವುದನ್ನು ಬಿಟ್ಟಿಲ್ಲ. ಬಂಡೆ ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೈ ಈಗಲೂ ಸರಿಯಾಗಿಯೇ ಹೇಳುತ್ತದೆ. ಕೈಗೆ ತಿಳಿಯದ್ದೂ ಮಣ್ಣಿನಲ್ಲಿರುತ್ತದೆ ಎಂಬುದು ಆ ಹದಿನಾಲ್ಕು ಗುಂಟೆಯಲ್ಲಿ ಗೊತ್ತಾಯಿತು. ಇನ್ನೊಂದು ಸಂಗತಿಯನ್ನು ಈ ಕೆಲಸಕ್ಕೆ ಬರುವ ಓದಿದವರಿಗೆಲ್ಲ ಹೇಳುತ್ತೇನೆ. ಹೊಸ ಊರಿಗೆ ಹೋದರೆ ಮೊದಲು ಅಲ್ಲಿಯವರು ಮಣ್ಣಿಗೆ ಏನೇನು ಹೆಸರಿಟ್ಟಿದ್ದಾರೆ ಎಂದು ಕೇಳಿಕೊಳ್ಳಿ, ಆಮೇಲೆ ನಿಮ್ಮ ಪ್ರಶ್ನೆ ಕೇಳಿ. ಇಲ್ಲದಿದ್ದರೆ ಎಲ್ಲರೂ ಸತ್ಯವನ್ನೇ ಹೇಳುತ್ತಾರೆ, ನಿಮಗೆ ಏನೂ ಗೊತ್ತಾಗುವುದಿಲ್ಲ.

ಈಗ ನನ್ನ ಹತ್ತಿರ ಎರಡು ಜೆಸಿಬಿ, ಒಂದು ಟಿಪ್ಪರ್ ಇವೆ. ನಾಲ್ಕು ಜನ ಜೊತೆಗೆ ಕೆಲಸ ಮಾಡುತ್ತಾರೆ. ಕೈಲಾಂಚದಲ್ಲಿ ಒಂದು ಎಕರೆ ಹತ್ತು ಗುಂಟೆ ಹೊಲ, ಎರಡು ಹಸು. ಒಬ್ಬಳು ತಂಗಿ, ಮಾತು ಬಿಟ್ಟಿಲ್ಲ.